ಮೆಳ್ಳೆಗಣ್ಣಿನ ಹಿಂದಿನ ಹುಳು

ನಮ್ಮ ಊರುಗಳಲ್ಲಿ ಮೆಳ್ಳೆಗಣ್ಣನ್ನು ಅದೃಷ್ಟವೆಂದವರೂ ಇದ್ದಾರೆ, ಹೆಣ್ಣು ನೋಡಲು ಬಂದು ಅದೇ ನೆಪದಲ್ಲಿ ಎದ್ದು ಹೋದವರೂ ಇದ್ದಾರೆ. ಶಸ್ತ್ರಕ್ರಿಯೆಯಿಂದ ಅದನ್ನು ಸರಿಪಡಿಸಬಹುದೆಂದು ತೋರಿಸಿಕೊಟ್ಟ ಊರು ನಾನೀಗ ನೆಲೆಸಿರುವ ಬರ್ಲಿನ್. 1839ರ ಅಕ್ಟೋಬರ್‌ನಲ್ಲಿ ಡೀಫೆನ್‌ಬಾಖ್ ಎಂಬ ವೈದ್ಯ ಏಳು ವರ್ಷದ ಹುಡುಗನ ಕಣ್ಣಿನ ಒಳಬದಿಯ ಸ್ನಾಯುವನ್ನು ಕತ್ತರಿಸಿ, ಒಳಕ್ಕೆ ವಾಲಿದ್ದ ಕಣ್ಣನ್ನು ನೇರ ಮಾಡಿದ. ಆಗಿನ್ನೂ ಅರಿವಳಿಕೆಯ ಕಾಲ ಬಂದಿರಲಿಲ್ಲ. ಸುದ್ದಿ ಹಬ್ಬಿ ಯುರೋಪಿನ ವೈದ್ಯರೆಲ್ಲ ಕತ್ತರಿ ಹಿಡಿದರು. ಒಳಕ್ಕೆ ವಾಲಿದ್ದ ಎಷ್ಟೋ ಕಣ್ಣುಗಳು ಹೊರಕ್ಕೆ ತಿರುಗಿಕೊಂಡವು.

ಕತ್ತರಿಸುವ ಮೊದಲು ಕಾರಣ ಹುಡುಕಬೇಕು. 1851ರಲ್ಲಿ ಹೆಲ್ಮ್‌ಹೋಲ್ಟ್ಸ್ ನೇತ್ರದರ್ಶಕವನ್ನು ಪ್ರಕಟಿಸಿದ. ಅದನ್ನು ಹಿಡಿದು ಬರ್ಲಿನ್ನಿನ ಫಾನ್ ಗ್ರೇಫೆ ರೋಗಿಗಳ ಕಣ್ಣೊಳಗೆ ಇಣುಕಿದಾಗ, ಕೆಲವರಲ್ಲಿ ಜೀವಂತ ಹುಳುವಿನ ಗುಳ್ಳೆ ಕಂಡಿತು. ಅದು ಹಂದಿಯ ಲಾಡಿಹುಳುವಿನ ಮರಿ.

1855ರಲ್ಲಿ ಕ್ಯೂಖೆನ್‌ಮೈಸ್ಟರ್ ಎಂಬ ವೈದ್ಯ, ಮರಣದಂಡನೆಗೆ ಗುರಿಯಾಗಿದ್ದ ಕೈದಿಗೆ ತಿಳಿಯದಂತೆ ಹಂದಿಮಾಂಸದ ಗುಳ್ಳೆಗಳನ್ನು ತಿನ್ನಿಸಿದ. ಶಿಕ್ಷೆಯ ನಂತರ ಕರುಳಿನಲ್ಲಿ ಎಳೆಯ ಲಾಡಿಹುಳುಗಳು ಸಿಕ್ಕವು. ಒಪ್ಪಲಾಗದ ಕ್ರಮ, ಆದರೆ ಗುಳ್ಳೆಗೂ ಹುಳುವಿಗೂ ಇರುವ ನಂಟು ಅದರಿಂದ ಸ್ಪಷ್ಟವಾಯಿತು.

‘ನಾವು ಸಸ್ಯಾಹಾರಿಗಳು, ನಮಗೇನು?’ ಎನ್ನುವುದನ್ನು ಇಲ್ಲಿನ ಕನ್ನಡಿಗರ ನಡುವೆಯೂ ಕೇಳಿದ್ದೇನೆ. ಸರಿಯಾಗಿ ಬೇಯದ ಮಾಂಸದಿಂದ ಬರುವುದು ಕರುಳಿನ ಹುಳು. ಕಣ್ಣಿನ ಗುಳ್ಳೆ ಬರುವುದು ಮಾತ್ರ ಅಂಥ ಹುಳುವಿರುವ ಮನುಷ್ಯನ ಮಲದಲ್ಲಿನ ಮೊಟ್ಟೆಯಿಂದ. ಅದು ಕೊಳಕು ನೀರು, ತೊಳೆಯದ ಸೊಪ್ಪು, ತೊಳೆಯದ ಕೈಗಳ ಮೂಲಕ ಯಾರ ಹೊಟ್ಟೆಗೂ ಸೇರಬಹುದು. ಚೆನ್ನಾಗಿ ಬೆಂದ ಕೊಡಗಿನ ಪಂದಿಕರಿಗಿಂತ ತೊಳೆಯದ ಕೊತ್ತಂಬರಿಯೇ ಇಲ್ಲಿ ಅಪಾಯಕಾರಿ.

ಬರ್ಲಿನ್ 1873ರಲ್ಲಿ ಒಳಚರಂಡಿ ಅಗೆಯತೊಡಗಿತು. 1881ರಲ್ಲಿ ನಗರದ ಕಸಾಯಿಖಾನೆ ತೆರೆದು ಮಾಂಸದ ತಪಾಸಣೆ ಶುರುವಾಯಿತು. ಎರಡಕ್ಕೂ ಪಟ್ಟು ಹಿಡಿದವರಲ್ಲಿ ವೈದ್ಯ ಫಿರ್ಖೋ ಪ್ರಮುಖ. ಕ್ರಮೇಣ ಈ ಗುಳ್ಳೆ ಇಲ್ಲಿ ಅಪರೂಪವಾಯಿತು.

ಭಾರತದಲ್ಲಿ ಕಣ್ಣಿನ ವೈದ್ಯರು ಇಂದಿಗೂ ಅದನ್ನು ಕಾಣುತ್ತಾರೆ, ಹೆಚ್ಚಾಗಿ ಕಣ್ಣನ್ನು ತಿರುಗಿಸುವ ಆರು ಸ್ನಾಯುಗಳಲ್ಲಿ ಒಂದರೊಳಗೆ. ಆ ಸ್ನಾಯು ಬಿಗಿದುಕೊಂಡು ಕಣ್ಣು ವಾಲುತ್ತದೆ, ಒಂದು ದೀಪ ಎರಡಾಗಿ ಕಾಣುತ್ತದೆ. ಸ್ಕ್ಯಾನಿನಲ್ಲಿ ಗುಳ್ಳೆಯೊಳಗೆ ಚುಕ್ಕೆಯಂತೆ ಹುಳುವಿನ ತಲೆ ತೋರುತ್ತದೆ. ಸ್ನಾಯುವಿನಲ್ಲಿದ್ದರೆ ವೈದ್ಯರ ನಿಗಾದಲ್ಲಿ ಕೆಲವು ವಾರ ಕೊಡುವ ಆಲ್ಬೆಂಡಜೋಲ್ ಮತ್ತು ಸ್ಟೀರಾಯ್ಡ್‌ನಿಂದಲೇ, ಕತ್ತರಿಯಿಲ್ಲದೆ, ಬಹುಮಟ್ಟಿಗೆ ಗುಣವಾಗುತ್ತದೆ.

ಆದ್ದರಿಂದ ನೆಟ್ಟಗಿದ್ದ ಮಗುವಿನ ಕಣ್ಣು ಇದ್ದಕ್ಕಿದ್ದಂತೆ ವಾಲಿದರೆ, ದೃಷ್ಟಿ ತೆಗೆಯುತ್ತ ಕಾಯುವುದು ಬೇಡ. ಮೊದಲು ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು.