ಪುಡಿಕಿ ಕಟ್ಟಿದ ಹುಡುಗ್ಯಾರು

ಮೊನ್ನೆ ಫೋನಿನ್ಯಾಗ ವೈನಿ ಕೇಳಿದ್ರು, "ಏನವಾ, ಪಿಟ್ಸ್‌ಬರ್ಗಿನ್ಯಾಗ ಕೂತು ನಿಮ್ಮನಿಯವ್ರು ಪಿಸ್ತೂಲು ತಿಕ್ಕಲಿಕ್ಕೆ ಹತ್ಯಾರಂತ, ಖರೇನ?"

ಖರೇನ ರೀ ವೈನಿ. ಜಿರಳಿ ಹೊಡೀಲಿಕ್ಕೂ ಹಿಂದ ಮುಂದ ನೋಡೋ ಮನಷಾ, ಹಳೇ ಸಾಮಾನು ಮಾರೋರ ಹತ್ರ ಜಂಗು ತಿಂದ ರಿವಾಲ್ವರ್ ಒಂದು ತಂದಾರ. 1851ರ ಕೋಲ್ಟ್ ನೇವಿ ಅನ್ನೋದರ ನಕಲು, ಇಟಲಿಯೊಳಗ ಮಾಡಿದ್ದು. ಅಸಲಿ ಕೋಲ್ಟ್ ಅಂತೂ 1873ರ ತನಕ ಎರಡು ಲಕ್ಷದ ಮ್ಯಾಲೆ ತಯಾರಾಗಿದ್ದವಂತ. ಇದಕ್ಕ ಈಗಿನ ಹಿತ್ತಾಳಿ ತೋಟಾ ನಡಿಯೂದಿಲ್ಲ. ತಿರುಗೋ ಉರುಳಿಯೊಳಗ ಆರು ಕುಳಿ ಇರ್ತಾವ. ಒಂದೊಂದು ಕುಳಿಗೂ ಮುಂದಿನಿಂದ ಕರೀಮದ್ದು ಹಾಕಿ, ಮ್ಯಾಲೆ ಸೀಸದ ಗುಂಡು ಒತ್ತಿ, ಹಿಂದ ತಾಮ್ರದ ಸಣ್ಣ ಕ್ಯಾಪ್ ಕೂಡಸಬೇಕು.

ಬಿಚ್ಚೂದಕ್ಕಿಂತ ಮೊದಲು ಪ್ರತಿ ಕುಳಿಯೊಳಗ ಒಂದು ಕಡ್ಡಿ ಇಳಿಸಿ ಆಳ ನೋಡಬೇಕಂತ. ಐದರಾಗ ಕಡ್ಡಿ ತಳ ಮುಟ್ಟಿತು. ಆರನೇದರಾಗ ಅರ್ಧಕ್ಕ ನಿಂತಿತು! ಯಾವ ಕಾಲಕ್ಕೋ ತುಂಬಿದ ಮದ್ದು, ಗುಂಡು ಹಂಗ ಕೂತಿದ್ದವು. ಕರೀಮದ್ದು ಒಣಾ ಇದ್ರ ಎಷ್ಟು ವರ್ಷ ಆದ್ರೂ ಜೀವಾ ಹಿಡಕೊಂಡ ಇರ್ತದ. ಅದೇ ಟೇಬಲ್ಲಿಗೆ ಕೂತು ಮಗಳು ಹೋಮ್‌ವರ್ಕ್ ಮಾಡ್ಲಿಕತ್ತಿದ್ಲು. ನಾ ಅವತ್ತ ಏನೇನ್ ಬೈದೆ ಅನ್ನೋದು ಇಲ್ಲಿ ಬರಿಯೂ ಹಂಗಿಲ್ಲ. ತಿಳಿದವರ ಹತ್ರ ಒಯ್ದು ತಗಿಸ್ಕೊಂಡು ಬಂದ ಮ್ಯಾಲೇನ ಅದಕ್ಕ ಹೊಳ್ಳಿ ಮನ್ಯಾಗ ಪ್ರವೇಶ.

ಆಮ್ಯಾಲಿಂದು ನಮ್ಮ ಮುಸುರಿ ತಿಕ್ಕೋ ಕೆಲಸಾನ. ಕರೀಮದ್ದಂದ್ರ 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲಿ, 10 ಪಾಲು ಗಂಧಕ. ಅದು ಉರಿದ ಮ್ಯಾಲೆ ಉಳಿಯೋ ಮಸಿಯೊಳಗ ಉಪ್ಪಿನಂಶ ಇರ್ತದ, ಗಾಳಿಯೊಳಗಿನ ನೀರು ಎಳಕೊಂಡು ಕಬ್ಬಿಣ ತಿಂತದ. ಬರೇ ಎಣ್ಣಿ ಹಚ್ಚಿದ್ರ ಹೋಗೂದಿಲ್ಲ. ಬಿಸಿನೀರು, ಪಾತ್ರೆ ಸೋಪು, ಹಳೇ ಟೂತ್‌ಬ್ರಷ್, ಆಮ್ಯಾಲೆ ಚೊಲೋತಂಗ ಒಣಗಿಸಿ ಎಣ್ಣಿ. ತೊಳೀಲಿಕ್ಕೆ ಹತ್ತಿದ್ರ ಕೆಟ್ಟ ತತ್ತಿ ವಾಸನಿ.

ಆ ಪೆಟ್ಲುಪ್ಪು ನಮ್ಮ ದೇಶದ್ದು, ಗೊತ್ತೇನ್ರಿ? ಬಿಹಾರದಾಗ ನೋನಿಯಾ ಜನ ಹಳೇ ಗ್ವಾಡಿ ಬುಡದ, ದನ ಕಟ್ಟೋ ಜಾಗಾದ ಮಣ್ಣು ಕೆರದು, ನೀರಾಗ ಸೋಸಿ, ಕುದಿಸಿ ತಗೀತಿದ್ರು. 1861ರಾಗ ಅಮೆರಿಕಾದ ಅಂತರ್ಯುದ್ಧ ಶುರುವಾದಾಗ, ಮದ್ದು ಮಾಡೋ ಡುಪಾಂಟ್ ಮನೆತನದ ಲ್ಯಾಮಟ್ ಡುಪಾಂಟ್ ಇಂಗ್ಲೆಂಡಿಗೆ ಹೋಗಿ ಭಾರತದ ಪೆಟ್ಲುಪ್ಪು ಕೊಂಡ.

ಆ ಮದ್ದನ್ನ ಗುಂಡಿನ ಜೋಡಿ ಕಾಗದದಾಗ ಸುತ್ತಿ ತೋಟಾ ಮಾಡ್ತಿದ್ದವರು ಯಾರು? ಹುಡುಗ್ಯಾರು. ಕಿರಾಣಿ ಅಂಗಡ್ಯಾಗ ಪುಡಿಕಿ ಕಟ್ಟಿದಂಗ. ನಮ್ಮ ಈ ಊರಿನ ಲಾರೆನ್ಸ್‌ವಿಲ್ ಓಣಿಯೊಳಗ ಅಲೆಗೆನಿ ಆರ್ಸೆನಲ್ ಅಂತ ಸರಕಾರಿ ಕಾರಖಾನಿ ಇತ್ತು. ಮೊದಲು ಗಂಡುಹುಡುಗರು ಇದ್ರು, ಕಡ್ಡಿಪೆಟ್ಟಿಗಿ ಇಟಗೊಂಡು ಬರ್ತಾರಂತ ಅವರನ್ನ ಬಿಡಿಸಿದ್ರು. ಬಡವರ ಮನಿ ಹೆಣ್ಣುಮಕ್ಕಳನ್ನ ತಗೊಂಡ್ರು, ಸಣ್ಣ ಕೈ, ಹುಷಾರಿ ಇರ್ತಾರಂತ.

1862ರ ಸೆಪ್ಟೆಂಬರ್ 17, ಮಧ್ಯಾಹ್ನ. ಪೀಪಾಯಿಂದ ಸೋರಿದ ಮದ್ದಿನ ಪುಡಿ ಹೊರಗ ಕಲ್ಲಿನ ದಾರಿ ಮ್ಯಾಲೆ ಬಿದ್ದಿತ್ತು. ಗಾಡಿ ಗಾಲಿದೋ ಕುದುರಿ ಲಾಳದ್ದೋ ಕಿಡಿ ಅದಕ್ಕ ತಾಗಿತು ಅಂತ ಹೇಳ್ತಾರ. 78 ಜನ ಸತ್ರು, ಹೆಚ್ಚಿನವರು ಹುಡುಗ್ಯಾರು. ಹುಷಾರಿ ಅಂತ ತಗೊಂಡವರು ಒಳಗ ಹುಷಾರೀಲೇ ಇದ್ರು, ಮದ್ದಿನ ಪುಡಿ ಮಾತ್ರ ಹೊರಗಿನ ದಾರಿ ಮ್ಯಾಲೆ ಬಿದ್ದಿತ್ತು. ಊರಿನ ಪಂಚರು ಅಧಿಕಾರಿಗಳ ನಿರ್ಲಕ್ಷ್ಯ ಅಂದ್ರು, ಮಿಲಿಟರಿ ವಿಚಾರಣಿ ಸಾಹೇಬನ ತಪ್ಪಿಲ್ಲ ಅಂತು. ಅದೇ ದಿನ ಆಂಟೀಟಮ್ ಅನ್ನೋ ದೊಡ್ಡ ಯುದ್ಧ ಆತು, ಆ ಸುದ್ದಿಯೊಳಗ ಇವರ ಸುದ್ದಿ ಮುಚ್ಚಿಹೋತು. 1864ರಾಗ ವಾಷಿಂಗ್ಟನ್‌ನ ಆರ್ಸೆನಲ್‌ದಾಗೂ ಹಿಂಗ ಆಗಿ 21 ಹೆಣ್ಣುಮಕ್ಕಳು ಹೋದ್ರು. ಅವರ ಅಂತ್ಯಕ್ರಿಯೆಗೆ ಲಿಂಕನ್ ಸ್ವತಃ ಬಂದಿದ್ದ.

ಗುರುತು ಸಿಗದವರನ್ನ ಇಲ್ಲೇ ಅಲೆಗೆನಿ ಸ್ಮಶಾನದಾಗ ಒಂದೇ ಕಡೆ ಮಣ್ಣು ಮಾಡ್ಯಾರ. ಹೋದ ಐತವಾರ ಮಗಳನ್ನ ಕರಕೊಂಡು ಹೋಗಿದ್ದೆ. ಕಲ್ಲಿನ ಮ್ಯಾಲೆ ಹೆಸರು ಕೆತ್ಯಾರ. ಅಕಿ ಒಂದೊಂದು ಓದಿಕೋತ ಹೋಗಿ, "ಅಮ್ಮಾ, ಇವರು ನಮ್ಮ ಅಕ್ಕನಷ್ಟು ದೊಡ್ಡವ್ರಿದ್ರೇನ?" ಅಂದ್ಲು. ಕೆಲವರು ಅದಕ್ಕಿಂತ ಸಣ್ಣವರು. ನನಗ ಬಾಯಿ ಬರಲಿಲ್ಲ.

ರಿವಾಲ್ವರ್ ಈಗ ಛಂದ ಮಿಂಚ್ತದ. ಕೀಲಿ ಹಾಕಿದ ಪೆಟ್ಟಿಗ್ಯಾಗ ಅದ, ಆರೂ ಕುಳಿ ಖಾಲಿ.

ನಿಮ್ಮ ಅಟ್ಟದ ಮ್ಯಾಲೆ ಹೋದ ದೀಪಾವಳಿ ಪಟಾಕಿ ಉಳಿದಿದ್ರ, "ಇರ್ಲಿ ಬಿಡು, ಹಳೇವು" ಅನಬ್ಯಾಡ್ರಿ. ಇವತ್ತ ಒಂದು ಬಕೆಟ್ ನೀರಾಗ ಮುಳುಗಿಸಿ ಇಡ್ರಿ.