ಬಡ ಪ್ರಯಾಣಿಕನಿಗೆ ಕಂಡ ಎರಡು ಬೆಂಗಳೂರು

ನಗರದ ಚರಿತ್ರೆಯನ್ನು ದೊರೆಗಳ ದಫ್ತರಗಳಿಂದ ಬರೆಯುವುದು ವಾಡಿಕೆ. ಆದರೆ ಬುತ್ತಿಯ ಗಂಟನ್ನು ಹೆಗಲಿಗೇರಿಸಿ, ನಾಲ್ಕಾರು ಕಾಸುಗಳೊಡನೆ ಮೊದಲ ಸಲ ಪಟ್ಟಣವನ್ನು ಹೊಗುವವನಿಗೆ ಅದು ಬೇರೊಂದು ರೀತಿಯಲ್ಲಿ ತಿಳಿದುಬರುವುದು. ಅವನು ನಡೆದೇ ನೋಡುವವನಾದುದರಿಂದ ಊರಿನ ಎಲ್ಲೆಗಳು ಮೊದಲು ಅವನ ಕಾಲಿಗೇ ಎಡರುವುವು.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಯಲಹಂಕದ ಮಗ್ಗುಲಿನ ಪುಟ್ಟೇನಹಳ್ಳಿಯಿಂದ ಬೆಂಗಳೂರಿಗೆ ಹೊರಟ ರೈತನೊಬ್ಬನನ್ನು ಭಾವಿಸಿಕೊಳ್ಳಬಹುದು. ದಾರಿ ಒಂಬತ್ತು ಹತ್ತು ಮೈಲಿ. ನಡೆಯಲಾರದವನಿಗೆ ಹಿಂದೂಪುರದ ಕಡೆಯಿಂದ ಯಲಹಂಕದ ಮೇಲೆ ಬರುವ ರೈಲಿನ ಮೂರನೆಯ ತರಗತಿ. ಇಳಿಯುವ ತಾಣವು ಸಿಟಿ ಸ್ಟೇಷನ್ನು. ಮದರಾಸಿನ ಕಡೆಯ ಅಗಲಹಳಿಯು 1864ರಲ್ಲಿಯೇ ದಂಡಿಗೆ ಬಂದಿತ್ತು. ಮೈಸೂರಿನ ಕಿರುಹಳಿಯಾದರೋ ಪೇಟೆಯ ಪಡುವಣ ಅಂಚಿನಿಂದ ಹೊರಡುತ್ತಿತ್ತು. ಒಂದೇ ಹೆಸರಿನ ಊರಿಗೆ ಎರಡು ನಿಲ್ದಾಣ, ಎರಡು ಅಳತೆಯ ಹಳಿ!

ಮೊದಲ ಚಿಂತೆ ತಂಗುವುದೆಲ್ಲಿ ಎಂಬುದು. ದಂಡಿನ ಹೋಟೆಲುಗಳು ಅವನಿಗಲ್ಲ. ವ್ಯಾಪಾರಿ ಗುಬ್ಬಿ ತೋಟದಪ್ಪನವರು 1897ರಲ್ಲಿ ಸ್ಟೇಷನ್ನಿನ ಎದುರಿಗೆ ಭೂಮಿಯನ್ನು ಕೊಂಡು, ಪ್ರಯಾಣಿಕರಿಗಾಗಿ ಧರ್ಮಛತ್ರವನ್ನು ಕಟ್ಟಿಸಿದರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದರ ಪ್ರಾರಂಭೋತ್ಸವವನ್ನು ನೆರವೇರಿಸಿದರು. ರೈಲು ಬಂದ ಮೇಲೆ ಪರಸ್ಥಳದವರ ಸಂಖ್ಯೆ ಬೆಳೆಯಿತು. ಗುರುತಿನವರಿಲ್ಲದವನ ಮೊದಲ ರಾತ್ರಿಯ ಕಷ್ಟವನ್ನು ಸರಕಾರಕ್ಕಿಂತ ಮೊದಲು ಒಬ್ಬ ವರ್ತಕನು ಮನಗಂಡನೆಂಬುದು ಗಮನಾರ್ಹ.

ಗಂಟನ್ನಿರಿಸಿ ಹೊರಟರೆ ಪೇಟೆ. ಯಲಹಂಕದ ನಾಡಪ್ರಭು ಕೆಂಪೇಗೌಡನು 1537ರಲ್ಲಿ ಮಣ್ಣಿನ ಕೋಟೆಯೊಳಗೆ ನಿಲ್ಲಿಸಿದ ಊರಿದು. ದೊಡ್ಡಪೇಟೆ ಚಿಕ್ಕಪೇಟೆಗಳು ಕೂಡುವ ಚೌಕವೇ ಅದರ ನಡು. ಅಕ್ಕಿಪೇಟೆ, ಅರಳೆಪೇಟೆ, ಗಾಣಿಗರ ಪೇಟೆ, ಕುಂಬಾರಪೇಟೆ: ಅಕ್ಷರವರಿಯದವನೂ ಹೆಸರು ಕೇಳಿಯೇ ಸರಕಿನ ಬೀದಿಯನ್ನು ಸೇರಬಲ್ಲನು. ಹಳ್ಳಿಯವನಿಗೆ ಇಲ್ಲಿ ದಿಗ್ಭ್ರಮೆಯಿಲ್ಲ; ಇದು ಅವನ ಸಂತೆಯೇ ದೊಡ್ಡದಾದಂತೆ.

ಮೂಡಣಕ್ಕೆ ನಡೆದಾಗ ಕಥೆ ಬದಲಾಗುವುದು. 1868ರ ಅಠಾರಾ ಕಚೇರಿಯ ಕೆಂಪು ಕಟ್ಟಡವನ್ನೂ 1870ರಲ್ಲಿ ಹಾಕಿದ ಕಬ್ಬನ್ ಉದ್ಯಾನವನ್ನೂ ದಾಟಿದರೆ ಪೆರೇಡ್ ಮೈದಾನ, ಅಗಲವಾದ ಹಾದಿಗಳು, ತೋಟದ ನಡುವಣ ಬಂಗಲೆಗಳು. 1809ರಲ್ಲಿ ಇಂಗ್ಲಿಷರು ನೆಲೆಗೊಳಿಸಿದ ದಂಡಿದು. ಸೈನ್ಯದೊಡನೆ ಬಂದ ತಮಿಳರಿಂದಾಗಿ ಬಜಾರಿನ ಮಾತೂ ಬೇರೆ. 1881ರಲ್ಲಿ ಮೈಸೂರು ಒಡೆಯರಿಗೆ ಹಿಂತಿರುಗಿದರೂ ದಂಡು ಮಾತ್ರ ರೆಸಿಡೆಂಟರ ಕೈಯಲ್ಲುಳಿಯಿತು. ಪೊಲೀಸರು, ನ್ಯಾಯಸ್ಥಾನ ಎಲ್ಲವೂ ಪ್ರತ್ಯೇಕ. ಉದ್ಯಾನದ ತಂಪಿನಲ್ಲಿ ಒಂದು ಗಳಿಗೆ ನಡೆದುದರಿಂದಲೇ ರೈತನು ಒಂದಾಡಳಿತದಿಂದ ಇನ್ನೊಂದಕ್ಕೆ ಸಾಗಿಹೋಗುತ್ತಿದ್ದನು. ಅದನ್ನು ಅವನಿಗೆ ಹೇಳುವವರಾರು?

ವಸಾಹತುಗಳ ನಗರಗಳಲ್ಲಿ ಇಂಥ ಇಬ್ಬಗೆ ಅಪೂರ್ವವಲ್ಲ. ಮೆಕ್ಸಿಕೋ ದೇಶದ ಪ್ವೆಬ್ಲಾ ನಗರವನ್ನು ಸ್ಪ್ಯಾನಿಷರು 1531ರಲ್ಲಿ, ಎಂದರೆ ಬೆಂಗಳೂರಿಗಿಂತ ಆರು ವರ್ಷ ಮೊದಲು, ಸ್ಥಾಪಿಸಿದರು. ಅಲ್ಲಿ ಚೌಕವೂ ನೇರ ಬೀದಿಗಳೂ ಆಳುವವರವು. ಮೂಲನಿವಾಸಿಗಳ ಕೇರಿಗಳು ಹೊಳೆಯ ಆಚೆಯಲ್ಲಿ. ಬೆಂಗಳೂರಿನಲ್ಲಿ ಇದು ತಲೆಕೆಳಗು. ಊರಿನವರ ಪೇಟೆಯೇ ಮೊದಲು, ಆಳುವವರ ಊರು ಆಮೇಲೆ ಬಂದು ಪಕ್ಕದಲ್ಲಿ ಕುಳಿತಿತು. ಆದಕಾರಣ ಪ್ವೆಬ್ಲಾದ ಬಡ ಪಥಿಕನು ಚೌಕದಿಂದ ಹೊರಕ್ಕೆ ನಡೆದು ಕಾಣಬೇಕಾದುದನ್ನು ಬೆಂಗಳೂರಿನವನು ಪೇಟೆಯಿಂದ ಹೊರಟೇ ಕಾಣುತ್ತಿದ್ದನು.

ಸಂಜೆ ಅವನು ಛತ್ರಕ್ಕೆ ಮರಳುವ ಹೊತ್ತಿಗೆ, 1905ರ ನಂತರವಾದರೆ, ಶಿವನಸಮುದ್ರದ ವಿದ್ಯುತ್ತಿನಿಂದ ಬೀದಿದೀಪಗಳು ಬೆಳಗುತ್ತಿದ್ದುವು.

ದಂಡು 1947ರಲ್ಲಿ ಮೈಸೂರಿಗೆ ಹಿಂದಿರುಗಿತು. 1949ರಲ್ಲಿ ಎರಡೂ ಪುರಸಭೆಗಳು ಸೇರಿ ಒಂದೇ ಕಾರ್ಪೊರೇಷನ್ನಾದುವು. ಕೆಂಪೇಗೌಡನು ಬಿಟ್ಟು ಬಂದ ಯಲಹಂಕವು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರಪಾಲಿಕೆಯೊಳಗೆ ಸೇರಿತು.