ಕೊಬ್ಬಿದ ಕರು ಮತ್ತು ಗಂಜಾಂನ ದೊಡ್ಡಸ್ವಾಮಿಗಳು

ಮಂಡ್ಯ ಅಂದ್ರೆ ಕಬ್ಬು, ಮದ್ದೂರು ಅಂದ್ರೆ ವಡೆ, ಮಳವಳ್ಳಿ ಅಂದ್ರೆ ಶಿವನಸಮುದ್ರ. ನಮ್ಮ ಜಿಲ್ಲೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಇಷ್ಟಕ್ಕೇ ನಿಲ್ಲಿಸಿಬಿಡುತ್ತಾರೆ. ನಾನಿವತ್ತು ಬೇರೆಯದೇ ಒಂದು ಕಥೆ ಹೇಳಬೇಕು ಅಂತಿದ್ದೇನೆ.

ಬೈಬಲ್ಲನ್ನು ಭಾನುವಾರ ಪಾದ್ರಿಗಳ ಬಾಯಿಂದ ಕೇಳಿದರೆ ಸಾಕೋ, ಜನ ತಾವೇ ಓದಿ, ಪ್ರಶ್ನೆ ಕೇಳಿ ಅರ್ಥ ಮಾಡಿಕೊಳ್ಳಬೇಕೋ? ಇನ್ನೂರು ವರ್ಷದ ಹಿಂದೆ ಈ ಪ್ರಶ್ನೆ ಲಂಡನ್ನಿನಲ್ಲಿ ದೊಡ್ಡ ವಾದವಾಯಿತು. ಆ ವಾದದ ಬೇರು ಇದ್ದದ್ದು ನಮ್ಮ ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ!

ಅಬ್ಬೆ ದುಬಾಯ್ ಹೆಸರು ನೀವು ಕೇಳಿರಬಹುದು. 1792ರಲ್ಲಿ ಫ್ರಾನ್ಸಿನಿಂದ ಬಂದ ಪಾದ್ರಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ಮೈಸೂರು ಸೀಮೆಗೆ ಬಂದರು. ಇಲ್ಲಿನವರಂತೆಯೇ ಬಟ್ಟೆ ತೊಟ್ಟು, ಇಲ್ಲಿನವರಂತೆಯೇ ಉಂಡು ಬದುಕಿದರು. ಸಿಡುಬಿನ ಲಸಿಕೆ ಹಾಕಿಸಿದರು. ಜನ ಪ್ರೀತಿಯಿಂದ ದೊಡ್ಡಸ್ವಾಮಿಯವರು ಅನ್ನುತ್ತಿದ್ದರಂತೆ.

ಅತ್ತ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದು ಬೈಬಲ್ಲನ್ನು ಕನ್ನಡಕ್ಕೆ ತರಲು ಕೂತಿದ್ದರು. ಪುಸ್ತಕ ಜನರ ಕೈಗೆ ಸಿಗಬೇಕು ಅನ್ನುವುದು ಅವರ ಹಟ. ದುಬಾಯ್ ಯೋಚನೆ ಇದಕ್ಕೆ ನೇರ ವಿರುದ್ಧ. 1823ರಲ್ಲಿ ಅವರು ದೇಶ ಬಿಟ್ಟು ಹೊರಟರು. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ಅವರ ಪತ್ರಗಳಲ್ಲಿ, ಇಲ್ಲಿನ ಭಾಷೆಗಳಿಗೆ ಬೈಬಲ್ ತಂದು ಹಂಚಿದರೆ ಒಳಿತಿಗಿಂತ ಕೆಡುಕೇ ಹೆಚ್ಚು ಎಂದು ಬರೆದರು. ಪ್ರಾಟೆಸ್ಟೆಂಟರು ಸುಮ್ಮನಿರುತ್ತಾರೆಯೇ? ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಇಬ್ಬರೂ 1824ರಲ್ಲಿ ಪುಸ್ತಕಗಳನ್ನೇ ಬರೆದು ಉತ್ತರ ಕೊಟ್ಟರು.

ನನಗೆ ಇಷ್ಟವಾದದ್ದು ದುಬಾಯ್ ತಾವೇ ಹೇಳಿಕೊಂಡಿರುವ ಒಂದು ಪ್ರಸಂಗ. ಮನೆಬಿಟ್ಟು ಹೋದ ಮಗ ಮರಳಿ ಬಂದಾಗ ತಂದೆ ಕೊಬ್ಬಿದ ಕರು ಕೊಯ್ಸಿ ಊಟ ಹಾಕಿಸುವ ಕಥೆ ಬೈಬಲ್ಲಿನಲ್ಲಿದೆಯಲ್ಲ, ಅದನ್ನು ಒಮ್ಮೆ ಪ್ರಸಂಗದಲ್ಲಿ ಹೇಳಿದರಂತೆ. ಪೂಜೆ ಮುಗಿದ ಮೇಲೆ ಕೆಲವರು ಮುಖ ಗಂಟಿಕ್ಕಿಕೊಂಡು ಬಂದರು. ಕರುವಿನ ಮಾತು ಎತ್ತಬಾರದಿತ್ತು, ಬೇರೆಯವರು ಕೇಳಿಸಿಕೊಂಡರೆ ನಮ್ಮನ್ನು ಏನಂದುಕೊಂಡಾರು, ಇನ್ನೊಂದು ಸಲ ಹೇಳುವುದಾದರೆ ಕರು ಬಿಟ್ಟು ಕುರಿಮರಿ ಅನ್ನಿ ಎಂದರಂತೆ!

ದುಬಾಯ್ ಇದನ್ನು ಕೊಟ್ಟದ್ದು, ಇಂಥ ಜನಕ್ಕೆ ಬೈಬಲ್ ಕೈಗೆ ಕೊಡಬಾರದು ಎಂಬುದಕ್ಕೆ ಸಾಕ್ಷಿಯಾಗಿ. ನನಗೆ ಕಾಣುವುದು ಅದರ ಉಲ್ಟಾ. ಆ ಜನ ಪ್ರಸಂಗ ಕೇಳಿ ತೂಕಡಿಸಲಿಲ್ಲ. ಕೇಳಿದ್ದನ್ನು ತಮ್ಮ ಬದುಕಿಗೆ, ತಮ್ಮ ನೆರೆಹೊರೆಗೆ ಹಚ್ಚಿ ನೋಡಿದರು. ಗುರುಗಳ ಎದುರೇ ನಿಂತು ವಾದ ಮಾಡಿದರು. ಅವರ ಸಲಹೆ ಸರಿಯೋ ತಪ್ಪೋ ಬೇರೆ ಮಾತು. ಧರ್ಮಗ್ರಂಥವನ್ನು ಮನಸ್ಸಿಗೆ ಹಚ್ಚಿಕೊಂಡವರು ಮಾತ್ರ ಹೀಗೆ ಜಗಳವಾಡಬಲ್ಲರು.

ಓದು ಬರದಿದ್ದರೂ ಹೀಗೆ ತೊಡಗಿಕೊಳ್ಳುವುದು ನಮ್ಮ ಸೀಮೆಗೆ ಹೊಸದಲ್ಲ. ಮಳವಳ್ಳಿ ತಾಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿಯ ಗದ್ದಿಗೆಯ ಊರು. ಆ ಪರಂಪರೆಯ ನೀಲಗಾರರು ಇಡೀ ಕಾವ್ಯವನ್ನು ನಾಲಿಗೆಯ ಮೇಲೇ ಇಟ್ಟುಕೊಂಡು ಬಂದವರು. ಒಬ್ಬ ಹಾಡಿದರೆ ಉಳಿದವರು ಸೊಲ್ಲು ಹಿಡಿಯಬೇಕು. ಗಮಕದಲ್ಲೂ ಅಷ್ಟೇ, ಒಬ್ಬರು ಓದಿದರೆ ಇನ್ನೊಬ್ಬರು ಅರ್ಥ ಬಿಡಿಸಬೇಕು.

ಕೊನೆಗೆ ಏನಾಯಿತು? 1830ರ ದಶಕದ ಆರಂಭದಲ್ಲಿ ಪೂರ್ತಿ ಬೈಬಲ್ ಕನ್ನಡದಲ್ಲಿ ಬಂತು. ದುಬಾಯ್ 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. 1965ರಲ್ಲಿ ಎರಡನೇ ವ್ಯಾಟಿಕನ್ ಸಭೆ, ಎಲ್ಲ ವಿಶ್ವಾಸಿಗಳೂ ಬೈಬಲ್ಲನ್ನು ಮೇಲಿಂದ ಮೇಲೆ ಓದಬೇಕು, ಜನರ ಭಾಷೆಗಳಲ್ಲಿ ಅದು ಸಿಗಬೇಕು ಎಂದು ಸಾರಿತು. ಅಂದರೆ ಅವರ ಸಭೆಯೇ ಕೊನೆಗೆ ಹ್ಯಾಂಡ್ಸ್ ದಾರಿಗೆ ಬಂತು.

ಆದರೂ ದುಬಾಯ್ ಎತ್ತಿದ ಪ್ರಶ್ನೆ ಪೊಳ್ಳಲ್ಲ. ಪುಸ್ತಕ ಅಚ್ಚು ಮಾಡಿ ಹಂಚಿದ ಮಾತ್ರಕ್ಕೆ ಅದು ಎದೆಗಿಳಿಯುವುದಿಲ್ಲ. ಎದೆಗಿಳಿಸಲು ಆ ಹೆಸರಿಲ್ಲದ ಕರುವಿನ ಜಗಳಗಂಟರಂಥವರು ಬೇಕು. ಬೈಬಲ್ಲಿಗಷ್ಟೇ ಅಲ್ಲ, ಗೀತೆಗೂ ಕುರಾನಿಗೂ ವಚನಕ್ಕೂ ಬೇಕು. ನೀವೇನಂತೀರಿ?